ಕೂದಲಿನ ತುದಿಯ ಸೂಜಿ

ಅಲಮಾರಿಯೊಳಗೆ ತಲೆಯಿಟ್ಟು ಮೂಸುತ್ತಿದ್ದ ದೇವಿಂದ್ರಪ್ಪನ ಬೆನ್ನ ಹಿಂದೆ ತಾಮ್ರದ ಕೊಡವೊಂದನ್ನು ನೆಲಕ್ಕೆ ಕುಕ್ಕಿದ ಸದ್ದಾಯಿತು.

“ಯಾರ್ರಿ ನೀವು? ನಮ್ಮವ್ವನ ಅಲಮಾರಿದಾಗ ಏನ್ ಹುಡುಕಾಕತ್ತೀರಿ?”

ಗಾಬರಿಯಿಂದ ತಲೆಯೆತ್ತಿದ, ಮೇಲಿನ ಹಲಗೆ ಹಣೆಗೆ ಬಡಿಯಿತು. ನೋವಿಗೆ ಬಗ್ಗಿದವನಿಗೆ ಮೊದಲು ಕಂಡದ್ದು ಒದ್ದೆ ಪಾದಗಳು, ಆಮೇಲೆ ಹಸಿರು ಇಳಕಲ್ಲ ಸೀರೆಯ ಅಂಚು. ಕಣ್ಣುಗಳವರೆಗೆ ಹೋಗುವ ಧೈರ್ಯ ತಕ್ಷಣ ಬರಲಿಲ್ಲ.

“ಕರ್ಪೂರ ರೀ,” ಎಂದ. “ಎಲ್ಲಿ ಅಡಗೇದ ಅಂತ ನೋಡಾಕತ್ತೇನಿ.”

“ಕರ್ಪೂರ ಕದಿಯಾಕ ಇಷ್ಟ ದೊಡ್ಡ ಗರಗಸ ಯಾಕ ಬೇಕ್ರಿ?”

ಪಡಸಾಲೆಯಲ್ಲಿ ಕುಳಿತಿದ್ದ ಸುಬೇದಾರ ಬೀರಲಿಂಗಪ್ಪ ಕೆಮ್ಮು ಬರುವಷ್ಟು ನಕ್ಕ. ಇವನು ಅತನೂರಿನ ಧರ್ಮಣ್ಣನ ತಮ್ಮ, ದೂರದ ನಂಟಸ್ತನದಲ್ಲಿ ನನಗೆ ಅಳಿಯನಾಗಬೇಕು, ವಾಡಿಯ ರೈಲು ಕಾರಖಾನೆಯಲ್ಲಿ ಮರಗೆಲಸ ಕಲಿತು ಬಂದಿದ್ದಾನೆ ಎಂದು ಮಗಳಿಗೆ ತಿಳಿಸಿದ. ಮಗಳು ಗೌರಾಬಾಯಿ ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು. ಬಾಗಿಲು ದಾಟುವ ಮುನ್ನ ಒಮ್ಮೆ ತಿರುಗಿ ಅವನ ಹಣೆಯ ಬುಗುಟನ್ನು ನೋಡಿದಳು. ಅದು ಕನಿಕರವೋ ಪರಿಹಾಸವೋ ಎಂಬುದನ್ನು ದೇವಿಂದ್ರಪ್ಪ ಆ ದಿನವೆಲ್ಲ ಯೋಚಿಸಿದ.

ಅವನನ್ನು ಜೇವರ್ಗಿಗೆ ಕರೆಸಿದ ಕೆಲಸವೂ ವಿಚಿತ್ರವಾಗಿತ್ತು. ಬ್ರಿಟಿಷರ ಪಲ್ಟನ್ನಿನಲ್ಲಿದ್ದು ಮರಳಿದ ಬೀರಲಿಂಗಪ್ಪ, ಒಂದು ಕುಂಟುಗಾಲಿನೊಂದಿಗೆ ಸಿಗಾರಿನ ರುಚಿಯನ್ನೂ ಊರಿಗೆ ತಂದಿದ್ದ. ತಿರುಚಿನಾಪಳ್ಳಿಯಲ್ಲಿದ್ದ ಹಳೆಯ ಸಂಗಾತಿಯೊಬ್ಬ ಆಗಾಗ ಪಾರ್ಸಲ್ ಕಳಿಸುತ್ತಿದ್ದ. ಸಾವಿರದ ಒಂಬೈನೂರ ನಲವತ್ತೆಂಟರ ಆ ಬೇಸಿಗೆಯಲ್ಲಿ ನಿಜಾಮರ ಸೀಮೆಗೆ ಹೊರಗಿನ ಸರಕು ಬರುವುದು ನಿಂತಿತು. ಬಂದಿದ್ದ ಕೊನೆಯ ಪಾರ್ಸಲ್ಲನ್ನು ಎಷ್ಟು ಕಾಲ ಕೆಡದಂತೆ ಕಾಪಾಡಬೇಕೋ ಯಾರಿಗೂ ತಿಳಿಯದು. ಜೇವರ್ಗಿಯ ಬಿಸಿಲೋ, ಸಿಗಾರನ್ನು ಒಣಸೊಪ್ಪಿನಂತೆ ಮುರಿಯುತ್ತಿತ್ತು. ತಣ್ಣಗೆ, ಹದವಾದ ತೇವದಲ್ಲಿ ಅವುಗಳನ್ನಿಡಲು ಒಂದು ಪೆಟಾರಿ ಬೇಕು. ಆ ಪೆಟಾರಿ ತನ್ನ ತೀರಿಹೋದ ಹೆಂಡತಿ ಗುರಮ್ಮನ ಸಾಗವಾನಿ ಅಲಮಾರಿಯೇ ಆಗಬೇಕು ಎಂಬುದು ಸುಬೇದಾರನ ಹಟ.

ಅದರಲ್ಲಿ ಗುರಮ್ಮ ಸೀರೆಗಳ ನಡುವೆ ಕರ್ಪೂರವಿಟ್ಟಿದ್ದಳು. ಸಿಗಾರ್ ಯಾವ ವಾಸನೆಯನ್ನಾದರೂ ಕುಡಿದುಬಿಡುತ್ತದೆ ಎಂದು ಸುಬೇದಾರ ಎಚ್ಚರಿಸಿದ್ದ. ದೇವಿಂದ್ರಪ್ಪ ಒಳಮೈಯನ್ನು ಹತ್ತರಿಯಿಂದ ತೆಳುವಾಗಿ ಹೆರೆದ, ಬಿಸಿಲಿಗಿಟ್ಟ, ಮತ್ತೆ ಮೂಸಿದ. ಹಳೆಯ ಸಿಗಾರ್ ಪೆಟ್ಟಿಗೆಗಳನ್ನು ಬಿಡಿಸಿ, ಅವುಗಳ ಕಂಪುಳ್ಳ ತೆಳು ಹಲಗೆಗಳನ್ನು ಒಳಗೆಲ್ಲ ಹೊಂದಿಸಿದ. ಗಾಳಿ ನುಸುಳದಂತೆ ಬಾಗಿಲಿನ ಅಂಚಿಗೂ ಬೆನ್ನುಹಲಗೆಯ ಸಂದಿಗೂ ಕಂಬಳಿಯ ಪಟ್ಟಿ ಒತ್ತಿದ. ಕೆಳಗೆ ತೋಯಿಸಿದ ಮರಳಿನ ಬೋಗುಣಿ ಇಟ್ಟ.

ಒಳಗಿನ ತೇವ ಎಷ್ಟಿದೆಯೆಂದು ತಿಳಿಯುವುದು ಹೇಗೆ?

ಆ ಪ್ರಶ್ನೆ ಇಡೀ ಮನೆಯನ್ನು ಹಿಡಿದುಕೊಂಡಿತು. ಪಲ್ಟನ್ನಿನ ಹವಾಮಾನದ ಡೇರೆಯಲ್ಲಿ ಕಂಡಿದ್ದ ಒಂದು ಯಂತ್ರವನ್ನು ಸುಬೇದಾರ ನೆನಪಿಸಿಕೊಂಡ. ಅದರೊಳಗೆ ಹೆಣ್ಣಿನ ಕೂದಲೊಂದನ್ನು ಬಿಗಿದಿದ್ದರಂತೆ. ತೇವದಲ್ಲಿ ಅದು ಉದ್ದವಾಗುತ್ತಿತ್ತಂತೆ, ಒಣ ಹವೆಯಲ್ಲಿ ಗಿಡ್ಡವಾಗುತ್ತಿತ್ತಂತೆ. ಹೀಗೆ ಹೇಳಿ ಅವನು ಬಹಳ ಸಹಜವಾಗಿ ಮಗಳ ಜಡೆಯ ಕಡೆಗೆ ನೋಡಿದ.

ಗೌರಾ ಕೊಟ್ಟ ಮೊದಲ ಕೂದಲು ಮಿಸುಕಲಿಲ್ಲ. ಮೇಲಿನ ಮೊಳೆಗೆ ಅದನ್ನು ಕಟ್ಟಿ, ತುದಿಗೆ ಸೂಜಿ ತೂಗುಬಿಟ್ಟು ದೇವಿಂದ್ರಪ್ಪ ಸಂಜೆಯವರೆಗೆ ಕಾದ. ಮರಳಿಗೆ ನೀರು ಸುರಿದರೂ ಸೂಜಿ ಇದ್ದಲ್ಲೇ ಇತ್ತು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಅವನ ಪೇಚಾಟ ನೋಡುತ್ತಿದ್ದಳು.

“ಕುಸುಬಿ ಎಣ್ಣಿ ಹಚ್ಚಿದ ಕೂದಲದು,” ಎಂದಳು ಕೊನೆಗೆ. “ನೀರು ಹ್ಯಾಂಗ ಹಿಡೀತದ್ರಿ?”

“ಮುಂಜಾನಿನ ಹೇಳಬಾರದೇನು?”

“ನೀವು ಕೇಳಲಿಲ್ಲ. ಅದನ್ನ ನೋಡ್ಕೋತ ಕೂತಿದ್ರಿ, ನಾ ಯಾಕ ನಡುವ ಬರ್ಲಿ?”

ಮರುದಿನ ಸೀಗೆಕಾಯಿ ಹಚ್ಚಿ ತಲೆ ತೊಳೆದುಕೊಂಡು, ಅಂಗಳದಲ್ಲಿ ಕೂದಲು ಹರವಿಕೊಂಡು ನಿಂತಳು. ಒಂದೆಳೆಯನ್ನು ಕಿತ್ತು ಅವನತ್ತ ಚಾಚಿದಳು. ಬೆಳಗಿನ ಬೆಳಕಿನಲ್ಲಿ ಆ ಎಳೆ ಕಾಣಿಸುತ್ತಲೇ ಇರಲಿಲ್ಲ. ಅವನು ಗಾಳಿಯಲ್ಲಿ ಬೆರಳಾಡಿಸಿದ, ಸಿಕ್ಕಲಿಲ್ಲ. ಅವಳ ಬೆರಳ ತುದಿಯಿಂದಲೇ ಹುಡುಕಿಕೊಂಡು ಬರದೆ ಬೇರೆ ದಾರಿ ಇರಲಿಲ್ಲ. ಅವಳು ಕೈ ಹಿಂದೆಳೆದುಕೊಳ್ಳಲಿಲ್ಲ. ಕಣ್ಣನ್ನು ಮಾತ್ರ ಬೇವಿನ ಮರದ ಕಡೆಗೆ ತಿರುಗಿಸಿಕೊಂಡಳು. ಅಲ್ಲಿ ಒಂದು ಗುಬ್ಬಿಯೂ ಇರಲಿಲ್ಲ.

ಈ ಎಳೆ ತೇವದ ಮಾತನ್ನು ಕೇಳಿತು. ಸಿಗಾರನ್ನು ಕಿವಿಯ ಬಳಿ ಹಿಡಿದು ಹಗುರವಾಗಿ ಅದುಮಿದಾಗ ಚರಚರ ಎನ್ನದೆ ಮೆತ್ತಗೆ ಬಗ್ಗಿದ ಗಳಿಗೆಯಲ್ಲಿ, ಸೂಜಿಯ ತುದಿ ಇದ್ದಲ್ಲಿ ಸುಬೇದಾರ ಪೆನ್ಸಿಲಿನಿಂದ ಗೆರೆ ಎಳೆದ. ಸೂಜಿ ಗೆರೆಗಿಂತ ಕೆಳಗಿಳಿದರೆ ತೇವ ಹೆಚ್ಚು, ಬೂಸು ಬರುತ್ತದೆ, ಮೇಲೇರಿದರೆ ಒಣಗುತ್ತದೆ. ಗೆರೆ ತಪ್ಪಿದರೆ ತಕ್ಷಣ ಹೇಳಿಕಳಿಸುವೆ ಎಂದು ಅವನು ದೇವಿಂದ್ರಪ್ಪನ ಬೆನ್ನು ತಟ್ಟಿದ. ಕೆಲಸ ಮುಗಿದಿತ್ತು.

ಮುಗಿಯಬಾರದಾಗಿತ್ತು. ಅತನೂರಿನಲ್ಲಿ ಆಗ ನೆಮ್ಮದಿಯಿರಲಿಲ್ಲ. ಗಲಭೆಗೆ ಅಂಜಿ ಹಲವು ಮನೆಗಳವರು ನಿಜಾಮರ ಗಡಿ ದಾಟಿ ಸೋಲಾಪುರ ಸೇರಿದ್ದರು. ಅಮಾವಾಸ್ಯೆ ಕಳೆದ ಮರುದಿನ ತಾವೂ ಹೊರಡುವುದೆಂದು ಅಣ್ಣ ಧರ್ಮಣ್ಣ ಗೊತ್ತುಮಾಡಿದ್ದ. ಹೋದವರು ಯಾವಾಗ ಮರಳುವರೋ ಹೇಳುವಂತಿರಲಿಲ್ಲ. ಕೆಲಸಕ್ಕೆಂದು ಕರೆದ ಮನೆಯಲ್ಲಿ, ಗರಗಸ ಹೆಗಲಿಗೇರಿಸಿಕೊಂಡು ಹೆಣ್ಣು ಕೇಳಲು ದೇವಿಂದ್ರಪ್ಪನಿಗೆ ನಾಲಗೆ ಏಳಲಿಲ್ಲ. ಮತ್ತೊಮ್ಮೆ ಕರೆ ಬಂದರೆ ಕೇಳಿಯೇ ಬಿಡುವೆನೆಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡ.

ಆ ಕರೆ ಬಂದೇ ಬರುವಂತೆ ಒಂದು ಉಪಾಯವನ್ನೂ ಮಾಡಿದ. ಹೊರಡುವ ಮುನ್ನ, ಯಾರೂ ಇಲ್ಲದಾಗ, ಬೆನ್ನುಹಲಗೆಯ ಕೆಳಗಿನ ಸಂದಿಯಿಂದ ಕಂಬಳಿಯ ಪಟ್ಟಿಯನ್ನು ಮೆಲ್ಲಗೆ ಎಳೆದು ಕಿಸೆಗೆ ಹಾಕಿಕೊಂಡ. ಬೇಸಿಗೆಯ ಗಾಳಿ ಅಲ್ಲಿ ನುಸುಳಿ ತೇವವನ್ನೆಲ್ಲ ಹೀರುತ್ತದೆ, ಸೂಜಿ ಮೇಲೇರುತ್ತದೆ, ಸುಬೇದಾರ ಹೇಳಿಕಳಿಸುತ್ತಾನೆ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಕರೆ ಮಾತ್ರ ಬರಲಿಲ್ಲ.

ಜೇವರ್ಗಿ ಸಂತೆಯಿಂದ ಮರಳಿದ ಬಂಡಿಯವರನ್ನೆಲ್ಲ ಅವನು ಏನೋ ನೆಪ ಮಾಡಿ ಮಾತಾಡಿಸಿದ. ಸುಬೇದಾರ ಸಿಗಾರ್ ಸೇದುತ್ತ ಕಟ್ಟೆಯ ಮೇಲೆ ಸುಖವಾಗಿದ್ದಾನೆ ಎಂದರು. ಅಲಮಾರಿಯ ಬಗ್ಗೆ ಊರಿಗೆಲ್ಲ ಹೊಗಳುತ್ತಿದ್ದಾನೆ ಎಂದೂ ಹೇಳಿದರು. ಆ ಹೊಗಳಿಕೆ ದೇವಿಂದ್ರಪ್ಪನಿಗೆ ಬೈಗುಳದಂತೆ ಕೇಳಿಸಿತು. ಅಷ್ಟು ದೊಡ್ಡ ಸಂದು ಬಿಟ್ಟಮೇಲೂ ಅಲಮಾರಿ ಒಣಗದಿರುವುದು ಹೇಗೆ?

ಅಮಾವಾಸ್ಯೆಗೆ ಇನ್ನೂ ಸಮಯವಿರುವಾಗಲೇ ಅವನು ಬಂಡಿ ಹಿಡಿದು ಹೊಳೆ ದಾಟಿ ಬಂದ. ಸೋಲಾಪುರಕ್ಕೆ ಹೊರಟಿದ್ದೇನೆ, ಹಿರಿಯರಿಗೆ ನಮಸ್ಕರಿಸಿ ಹೋಗೋಣವೆಂದು ಬಂದೆ, ಹಾಗೆಯೇ ಅಲಮಾರಿಯನ್ನೂ ನೋಡುವೆ ಎಂದ. ಸುಬೇದಾರ ಹೆಮ್ಮೆಯಿಂದ ಬಾಗಿಲು ತೆರೆದ.

ಸೂಜಿಯ ತುದಿ ಗೆರೆಯ ಮೇಲೆ ನಿಂತಿತ್ತು. ಎಳ್ಳಷ್ಟೂ ಆಚೀಚೆ ಇರಲಿಲ್ಲ.

ದೇವಿಂದ್ರಪ್ಪ ಅದನ್ನೇ ನೋಡುತ್ತ ನಿಂತ. ಬೆನ್ನುಹಲಗೆಯ ಬುಡಕ್ಕೆ ಕೈಯೊಡ್ಡಿದ. ಸಂದಿಯಿಂದ ಬಿಸಿಗಾಳಿ ಬೆರಳಿಗೆ ತಾಕಿತು. ಸಂದು ಇದೆ, ತೇವವೂ ಇದೆ. ಮೊಣಕಾಲೂರಿ, ಮೊದಲ ದಿನದಂತೆ ತಲೆಯನ್ನು ಒಳಗೆ ತೂರಿಸಿ ಮೂಸಿದ. ತಂಬಾಕಿನ ಘಾಟಿನ ಕೆಳಗೆ ಇನ್ನೊಂದು ಹಸಿ ವಾಸನೆಯಿತ್ತು, ಎಲ್ಲೋ ಚೆನ್ನಾಗಿ ಪರಿಚಯವಿದ್ದದ್ದು. ಮರಳಿನ ಬೋಗುಣಿಯ ಹಿಂದೆ, ಕತ್ತಲ ಮೂಲೆಯಲ್ಲಿ, ಕೈಗೆ ತಣ್ಣನೆಯ ಗಂಟೊಂದು ಸಿಕ್ಕಿತು. ನೀರು ತೊಟ್ಟಿಕ್ಕುವ ಬಟ್ಟೆ ಬಿಚ್ಚಿದರೆ, ಒಳಗೆ ವೀಳ್ಯದೆಲೆಯ ಕಟ್ಟು.

“ಒಳ್ಳೇದಾತು,” ಎಂದ ಸುಬೇದಾರ. “ಎರಡು ಸಂತಿಯಿಂದ ಸಿಗಾರ್ ಸೇದಿದ್ರ ಎಲಿ-ಅಡಕಿ ಹಾಕ್ಕೊಂಡಂಗ ಆಗಾಕತ್ತದ. ನನ್ನ ನಾಲಿಗಿ ಕೆಟ್ಟದೋ ಏನೋ ಅಂತ ಅಂಜಿದ್ದೆ.”

ನಡುಮನೆಯ ಬಾಗಿಲ ಮರೆಯಲ್ಲಿ ಬಳೆಗಳು ಸದ್ದು ಮಾಡಿ ಥಟ್ಟನೆ ನಿಂತವು.

ಸುಬೇದಾರ ಮಗಳನ್ನು ಕರೆಯಲಿಲ್ಲ. ಕುಂಟುಗಾಲನ್ನು ಎಳೆಯುತ್ತ ಹೊರಗಿನ ಕಟ್ಟೆಗೆ ಹೋಗಿ ಕುಳಿತ. ಕಡ್ಡಿ ಗೀರಿದ ಸದ್ದು ಕೇಳಿಸಿತು. ಗೌರಾ ಹೊಸ್ತಿಲಿಗೆ ಬಂದು ನಿಂತಳು.

“ಎಲಿ ಬಾಡಬಾರದು ಅಂತ ಇಟ್ಟಿದ್ದೆ,” ಎಂದಳು.

“ನೀರಿನ ಮನ್ಯಾಗ ಇಡಬಹುದಿತ್ತಲ್ಲ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಆಮೇಲೆ ನೇರವಾಗಿ ಅವನ ಕಣ್ಣು ನೋಡಿದಳು.

“ಸಿಗಾರಿಗೆ ಬೂಸು ಬರ್ಲಿ ಅಂತ ಇಟ್ಟೆನ್ರಿ. ಬೂಸು ಬಂದ್ರ ಅಪ್ಪ ನಿಮ್ಮನ್ನ ಕರಸ್ತಿದ್ದ. ದಿನಾ ಬಟ್ಟಿ ತೋಯಿಸಿ ತೋಯಿಸಿ ಇಟ್ಟೆ. ಆ ಹಾಳ ಸೂಜಿ ಒಂದಿನ ಸೈತ ಕೆಳಗ ಇಳೀಲಿಲ್ಲ.”

ದೇವಿಂದ್ರಪ್ಪ ಕಿಸೆಯಿಂದ ಕಂಬಳಿಯ ಪಟ್ಟಿಯನ್ನು ತೆಗೆದು ಅಂಗೈಮೇಲೆ ಹಿಡಿದ. ಅವಳಿಗೆ ತಿಳಿಯಲು ಕ್ಷಣ ಹಿಡಿಯಿತು. ಅಲಮಾರಿಯ ಹಿಂದೆ ಬಗ್ಗಿ, ಸಂದಿಯಲ್ಲಿ ಬೆರಳಿಟ್ಟು ನೋಡಿದಳು. ಮೇಲೆದ್ದಾಗ ಮುಖವೆಲ್ಲ ನಗುವಾಗಿತ್ತು, ಕಣ್ಣಂಚು ಮಾತ್ರ ಒದ್ದೆಯಾಗಿತ್ತು.

“ನೀವು ಒಣಗಸಾಕತ್ತಿದ್ರಿ.”

“ನೀ ತೋಯಿಸಾಕತ್ತಿದ್ದಿ.”

“ಇಬ್ಬರೂ ಕೆಡಸೂದು ಕೂಡಿ, ಅಪ್ಪನ ಸಿಗಾರ್ ಹದಕ್ಕ ಬಂದದ.”

“ಗೌರಾ,” ಎಂದ ಅವನು. ಆ ಹೆಸರನ್ನು ಅವಳೆದುರು ಹೇಳಿದ್ದು ಅದೇ ಮೊದಲು. “ನಾ ಒಬ್ಬನ ಸೋಲಾಪುರಕ್ಕ ಹೋಗಾಕ ಮನಸ್ಸಿಲ್ಲ.”

“ಅದನ್ನ ನನಗ್ಯಾಕ ಹೇಳ್ತೀರಿ? ಕಟ್ಟಿ ಮ್ಯಾಲ ಕುಂತವ್ರಿಗಿ ಹೇಳ್ರಿ.” ತಗ್ಗಿದ ದನಿಯಲ್ಲಿ ಸೇರಿಸಿದಳು: “ನನ್ನ ಹೂಂ ಆ ಎಲಿ ಗಂಟಿನಾಗ ಯಾವಾಗ್ಲೋ ಹೇಳೇನಿ.”

ಕಟ್ಟೆಯವರೆಗಿನ ದಾರಿ ದೇವಿಂದ್ರಪ್ಪನಿಗೆ ಹೊಳೆಗಿಂತ ಅಗಲವಾಗಿ ಕಂಡಿತು. ಅವನು ಸಂದಿನ ಕಥೆಯಿಂದಲೇ ಶುರುಮಾಡಿದ, ಕಂಬಳಿಯ ಪಟ್ಟಿಯನ್ನು ಮುಂದಿಟ್ಟ, ಕೇಳಬೇಕಾದ್ದನ್ನು ಕೇಳಿದ. ಸುಬೇದಾರ ಸಿಗಾರಿನ ಬೂದಿಯನ್ನು ನಿಧಾನವಾಗಿ ಕೊಡವಿದ. ತನ್ನ ಕೊನೆಯ ಪಾರ್ಸಲ್ಲಿನ ಮೇಲೆ ಇಬ್ಬರೂ ಸೇರಿ ಜೂಜಾಡಿದ್ದಕ್ಕೆ ಮನಸಾರೆ ಬೈದ. ಆಮೇಲೆ ಎದ್ದು ಒಳಗೆ ಹೋಗಿ, ತೋಯ್ದ ಗಂಟಿನಿಂದ ಚೆಲುವಾದ ಎಲೆಗಳನ್ನು ಆರಿಸಿ, ಅಡಿಕೆಯಿಟ್ಟು, ಖಾಲಿಯಾಗಿದ್ದ ಸಿಗಾರ್ ಪೆಟ್ಟಿಗೆಯಲ್ಲಿ ಜೋಡಿಸಿದ. ಹೆಣ್ಣಿನ ಮನೆಯ ಎಲೆ-ಅಡಿಕೆ ಗಂಡಿನ ಮನೆಯ ಹಿರಿಯನ ಕೈ ಸೇರಿದರೆ ಮಾತು ನಿಂತಂತೆ.

“ಧರ್ಮಣ್ಣನ ಕೈಯಾಗ ಕೊಡು,” ಎಂದ. “ಬಾಡಿದ ಎಲಿ ಮುಟ್ಟಿಸಿ ನನ್ನ ಮಾನ ಕಳೀಬ್ಯಾಡ. ಅವ ಹೂಂ ಅಂದ್ರ, ಸೋಲಾಪುರಕ್ಕ ಬಂಡ್ಯಾಗ ಇನ್ನೊಬ್ಬರಿಗಿ ಜಾಗ ಮಾಡು ಅಂತ ಹೇಳು. ಅಲಮಾರಿ ಮಾತ್ರ ನಂದು.”

ಗೌರಾ ಪೆಟ್ಟಿಗೆಗೆ ಒದ್ದೆ ಬಟ್ಟೆ ಸುತ್ತಿಕೊಟ್ಟಳು. ಹೊಳೆ ದಾಟುವಾಗ ಮತ್ತೊಮ್ಮೆ ತೋಯಿಸಿಕೊಳ್ಳಬೇಕೆಂದು ಹೇಳಿದಳು. ಅವನು ಪೆಟ್ಟಿಗೆಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದವನು ಏನೋ ನೆನಪಾದಂತೆ ತಿರುಗಿದ. ಕಂಬಳಿಯ ಪಟ್ಟಿ ಕಟ್ಟೆಯ ಮೇಲೆಯೇ ಬಿದ್ದಿತ್ತು.

“ಹೊರಡೂಕಿಂತ ಮೊದಲ ಸಂದು ಮುಚ್ಚಲೇನು?”

ಗೌರಾ ಪಟ್ಟಿಯನ್ನು ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಎಲಿ ಕೊಟ್ಟು ಬರ್ರಿ, ಆಮ್ಯಾಲ ಮುಚ್ಚೀರಿ,” ಎಂದಳು. “ಅಲ್ಲೀ ತನಕ ನಾ ನೀರು ಹಾಕ್ತಿರ್ತೇನಿ.”