ದಾರ ಕಟ್ಟಿದ ಗಿಡ

"ದಿಬ್ಬದ ಮೇಲೆ ಕಪ್ಪು ದಾರ ಕಟ್ಟಿರೋ ಗಿಡ ಒಂದಿದೆ. ಅದನ್ನ ಮಾತ್ರ ಮುಟ್ಟಬೇಡಿ," ಎಂದರು ಅತ್ತೆ, ಗುದ್ದಲಿಯನ್ನು ಅಳಿಯನ ಕೈಗೆ ಕೊಡುತ್ತ.

"ಯಾಕೆ, ಅದಕ್ಕೆ ಮದುವೆ ಗೊತ್ತಾಗಿದೆಯಾ?"

ಒಲೆಯ ಮುಂದಿದ್ದ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅತ್ತೆ ನಗಲಿಲ್ಲ. "ಯಾಕೆ ಅಂತ ಹೇಳೋ ಹಾಗಿಲ್ಲ. ಹೇಳಿದ್ರೆ ಕಟ್ಟು ಬಿಚ್ಚಿಹೋಗುತ್ತೆ."

ಹೇಳೋ ಹಾಗಿಲ್ಲವಂತೆ! ಪೇಟೆಯಲ್ಲಿ ಔಷಧದಂಗಡಿ ಇಟ್ಟಿದ್ದವನು ಅವನು. ಲೇಬಲ್ಲಿಲ್ಲದ ಸೀಸೆಯನ್ನು ಮೂಸಿಯೂ ನೋಡಿದವನಲ್ಲ. ಆದರೆ ಐದು ವರ್ಷದ ಮಗಳು ಕೆಮ್ಮಿ ಕೆಮ್ಮಿ ಹಿಡಿಯಷ್ಟಾಗಿದ್ದಳು. ಅವನ ಅಂಗಡಿಯ ಒಂದು ಸಿರಪ್ಪೂ ನಾಟಿರಲಿಲ್ಲ. ಕೊನೆಗೆ ಹೆಂಡತಿ ಹಟ ಹಿಡಿದು ತವರಿಗೆ ಎಳೆದು ತಂದಿದ್ದಳು. ಎಲೆ ಹಣ್ಣಾಗುವ ಈ ದಿನಗಳಲ್ಲಿ ಕೆಮ್ಮಿಗೆ ಕೊಡುವ ಗಿಡದ ಸತ್ವವೆಲ್ಲ ಬೇರಿಗೆ ಇಳಿದಿರುತ್ತದೆ, ಅಗೆಯುವುದಿದ್ದರೆ ಈಗಲೇ ಎಂದಿದ್ದರು ಅತ್ತೆ. ಮೊಣಕಾಲು ಊದಿರದಿದ್ದರೆ ಅವರೇ ಹೋಗುತ್ತಿದ್ದರು.

ದಿಬ್ಬದ ತುಂಬ ಕೊಳೆತೆಲೆಯ ಒಗರು ವಾಸನೆ. ಅಗೆದಲ್ಲೆಲ್ಲ ಕಡ್ಡಿಯಂಥ ಬೇರು, ಅರ್ಧ ಹುಳ ತಿಂದದ್ದು. ಬೆನ್ನು ನೆಟ್ಟಗೆ ಮಾಡಿ ನೋಡಿದಾಗ ಬಂಡೆಯ ಮರೆಯಲ್ಲಿ ಅದು ಕಂಡಿತು. ಸುತ್ತಲಿನ ಗಿಡಗಳೆಲ್ಲ ಹಳದಿಗೆ ತಿರುಗಿದ್ದರೆ ಅದೊಂದು ಮಾತ್ರ ಕಡುಹಸಿರಾಗಿ ಕೊಬ್ಬಿತ್ತು. ಕಾಂಡದ ಸುತ್ತ ಕಪ್ಪು ದಾರ, ಸಿಪ್ಪೆಯೊಳಗೆ ಹೂತುಹೋಗುವಷ್ಟು ಹಳೆಯದು.

'ಒಳ್ಳೇ ಗಿಡವನ್ನ ಬಚ್ಚಿಟ್ಟುಕೊಂಡಿದಾರೆ ಮುದುಕಿ. ಮೊಮ್ಮಗಳಿಗಿಂತ ಹೆಚ್ಚಾ ಇದು?'

ಚಾಕುವಿನಿಂದ ದಾರ ಕೊಯ್ದು ಎಸೆದ. ಗುದ್ದಲಿ ಹಾಕಿದ. ಮಣ್ಣಿನಿಂದ ಎದ್ದದ್ದು ಬೇರಿನ ವಾಸನೆಯಲ್ಲ. ಬಹಳ ದಿನ ಮುಚ್ಚಿಟ್ಟ ರೋಗಿಯ ಕೋಣೆಯ ವಾಸನೆ, ಬೆವರು, ಹುಳಿ ಹಾಲು. ಬುಡ ಹಿಡಿದು ಎಳೆದಾಗ ಗುಂಡಿಯೊಳಗೆ ಯಾರೋ ಉಸಿರು ಒಳಗೆಳೆದುಕೊಂಡಂತೆ ಸದ್ದಾಯಿತು. ತೋಳುದಪ್ಪದ ಬೇರು. ಅದಕ್ಕೆ ನವಿರಾದ ಕೂದಲು ಸುತ್ತಿಕೊಂಡಿತ್ತು. ಎಂಥದೋ ಬೇರಿನ ಎಳೆ ಎಂದುಕೊಂಡು ಒರೆಸಿ ಹಾಕಿದ. ಅಂಗೈ ಯಾಕೋ ತಣ್ಣಗಾಗಿತ್ತು.

ಅತ್ತೆ ಹಿತ್ತಲಿನಲ್ಲಿದ್ದರು. ಅವರು ಬರುವುದರೊಳಗೆ ಬೇರನ್ನು ತೊಳೆದು, ಜಜ್ಜಿ, ಪಾತ್ರೆಗೆ ಹಾಕಿದ. ಹೆಂಡತಿ ಸೌಟಿನಿಂದ ತಿರುವುತ್ತಿದ್ದಳು. ನೀರು ಕುದಿ ಬಂತು.

ಹೆಂಡತಿ ಕೆಮ್ಮಿದಳು.

"ಹೊಗೆ," ಎಂದಳು. ಮತ್ತೆ ಕೆಮ್ಮಿದಳು. ಸೌಟು ಬಿತ್ತು. ಬಾಯಿಗೆ ಅಡ್ಡ ಹಿಡಿದ ಅಂಗೈಯಲ್ಲಿ ಮಣ್ಣು. ಒದ್ದೆ ಮಣ್ಣು. ಗೋಡೆಗೊರಗಿ ಕುಸಿದಳು. ಮುಖ ನೀಲಿ. ಕೆಮ್ಮಿದಷ್ಟೂ ಮಣ್ಣು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು, ಪ್ರಜ್ಞೆ ತಪ್ಪಿತು.

ಅತ್ತೆ ಕುಂಟುತ್ತ ಓಡಿ ಬಂದರು. ಗಾಳಿ ಮೂಸಿದರು.

"ಏನೋ ಹಾಕಿದೆ ಇದರಲ್ಲಿ?" ಇಷ್ಟು ವರ್ಷದಲ್ಲಿ ಅವರು ಅಳಿಯನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಅವನು ಪಾತ್ರೆಯನ್ನು ಒಲೆಯಿಂದ ಕೆಳಕ್ಕೆ ಎಳೆದ.

"ಅಯ್ಯೋ ಪಾಪಿ! ಅದು ಇವಳದೇ ಕಣೋ! ಸಣ್ಣವಳಿದ್ದಾಗ ಯಾರೋ ಮಾಟ ಮಾಡಿಸಿದ್ರು. ಅದನ್ನ ಇವಳ ಕೂದಲು ಸುತ್ತಿ ಆ ಗಿಡಕ್ಕೆ ಕಟ್ಟಿ, ಇವಳನ್ನ ಉಳಿಸ್ಕೊಂಡಿದ್ದೆ."

"ವಾಪಸ್ ನೆಡ್ತೀನಿ ಅತ್ತೆ!"

"ಬೆಂದ ಬೇರು ಚಿಗುರುತ್ತಾ?" ಅವರ ಧ್ವನಿ ಒಡೆಯಿತು. "ಈಗ ಆ ಮಾಟ ಕಟ್ಟೋಕೆ ಬೇರೆ ಜೀವ ಬೇಕು. ಕಟ್ಟು ಬಿಚ್ಚಿದವರೇ, ತಾವಾಗಿ ಕೈ ಚಾಚಬೇಕು. ಬೇರೆಯವರದ್ದು ನಡೆಯಲ್ಲ. ನಡೆಯೋ ಹಾಗಿದ್ರೆ ನಾನೇ..."

ಹೆಂಡತಿಯ ಎದೆ ಏಳುವುದು ನಿಂತಿತು. ಅವನು ಕೈ ಚಾಚಿದ.

ಅತ್ತೆ ಅವಳ ತಲೆಯಿಂದ ಕೂದಲು ಕಿತ್ತರು. ಕಪ್ಪು ದಾರಕ್ಕೆ ಹೆಣೆದರು. ಅಳಿಯನ ಮಣಿಕಟ್ಟಿಗೆ ಬಿಗಿದರು. ಗಂಟು ಬಿದ್ದ ಕ್ಷಣ ಅವನ ನಾಲಿಗೆಯ ಮೇಲೆ ಮಣ್ಣಿನ ರುಚಿ ಹರಡಿತು. ಆ ಕಡೆ ಹೆಂಡತಿ ಉದ್ದಕ್ಕೆ ಉಸಿರೆಳೆದುಕೊಂಡಳು.

ಮಗಳ ಕೆಮ್ಮು ಬೇರೆ ಗಿಡದ ಬೇರಿನಿಂದಲೇ ವಾಸಿಯಾಯಿತು. ಅವನು ಅಲ್ಲೇ ಉಳಿದ. ಅನ್ನದ ತುತ್ತೂ ಅವನಿಗೆ ಮಣ್ಣು. ದಾರ ದಿನ ಹೋದಂತೆ ಚರ್ಮದೊಳಗೆ ಇಳಿಯುತ್ತಿತ್ತು. ಒಲೆಯ ಮುಂದೆ ಕುಸಿದದ್ದು ಏನೂ ನೆನಪಿಲ್ಲದ ಹೆಂಡತಿ, "ಗಿಡಕ್ಕೆ ಕಟ್ಟಿದ್ರೆ ನಗ್ತಿದ್ರಿ, ಈಗ ನೀವೇ ಕಟ್ಕೊಂಡಿದೀರಲ್ಲ!" ಎಂದು ಛೇಡಿಸುತ್ತಿದ್ದಳು. ಅವನು ಹೇಳುವ ಹಾಗಿರಲಿಲ್ಲ. ಅವಳು ಓಡಾಡಿಕೊಂಡಿರುವುದನ್ನು ನೋಡುವುದೇ ಅವನಿಗೆ ಸಾಕಾಗಿತ್ತು.

"ಅಪ್ಪಾ, ಇದು ಯಾಕೆ?" ಮಗಳೂ ಕೇಳುತ್ತಿದ್ದಳು.

"ಕೇಳಬೇಡ ಪುಟ್ಟೀ. ಮುಟ್ಟಬೇಡ."

ಒಂದು ಮಧ್ಯಾಹ್ನ ಜಗುಲಿಯ ಮೇಲೆ ಅವನಿಗೆ ಜೊಂಪು ಹತ್ತಿತು. ಮಣಿಕಟ್ಟಿಗೆ ತಣ್ಣಗೇನೋ ತಾಕಿ ಎಚ್ಚರವಾಯಿತು. ನಾಲಿಗೆಯ ಮೇಲೆ ಮಣ್ಣಿರಲಿಲ್ಲ. ಪಕ್ಕದಲ್ಲಿ ಮಗಳು, ಕೈಯಲ್ಲಿ ಅಮ್ಮನ ಕತ್ತರಿ.

"ನಿಂಗೆ ನೋಯ್ತಿತ್ತಲ್ಲಪ್ಪಾ. ಬಿಚ್ಚಿಬಿಟ್ಟೆ."

ಅಡುಗೆಮನೆಯಿಂದ ಕೆಮ್ಮು ಕೇಳಿಸಿತು.

ಅತ್ತೆ ಬಾಗಿಲಿಗೆ ಬಂದರು. ಕತ್ತರಿ ನೋಡಿದರು. ಅವನು ಕೈ ಮುಂದೆ ಹಿಡಿದ. "ನನಗೇ ಕಟ್ಟಿ ಅತ್ತೆ. ನನಗೇ. ನಿಮ್ಮ ಕಾಲಿಗೆ ಬೀಳ್ತೀನಿ."

ಅತ್ತೆ ಆಗದೆಂದು ತಲೆಯಾಡಿಸಿದರು. ಒಳಗೆ ಪಾತ್ರೆ ಉರುಳಿದ ಸದ್ದು.

ಅಪ್ಪ ಯಾಕೆ ಅಳುತ್ತಿದ್ದಾನೆಂದು ಮಗುವಿಗೆ ತಿಳಿಯಲಿಲ್ಲ. ಸಮಾಧಾನ ಮಾಡಲು ಅವನ ಕಡೆ ಎರಡೂ ಕೈ ಚಾಚಿತು.