ಕಪ್ಪು ನೀರಿನ ಸೀಸೆ

ಜಲಾನುಕಾರಿ ಎಂಬ ಆ ಯಂತ್ರ ಕೆಲಸ ಮಾಡುವಾಗ ಸದ್ದು ಬಹಳ ಕಡಿಮೆ. ಕುಮಟೆಯ ಹೊರಗೆ, ಹೆದ್ದಾರಿ ಪಕ್ಕದ ಗುಡ್ಡದ ಮೇಲೆ ನಿಂತ ಕಿಟಕಿಯೇ ಇಲ್ಲದ ಆ ಉದ್ದನೆಯ ಶೆಡ್ಡಿನೊಳಗೆ ಹೋದವರಿಗೆ ಕೇಳಿಸುತ್ತಿದ್ದುದು ತೊಟ್ಟಿಗಳಲ್ಲಿ ಗಾಳಿಗುಳ್ಳೆ ಒಡೆಯುವ ಸದ್ದು ಮಾತ್ರ. ತೊಟ್ಟಿಗಳಲ್ಲಿ ಲಕ್ಷಗಟ್ಟಲೆ ಸಿಗಡಿ. ಯಂತ್ರದ ಒಂದು ತುದಿಗೆ ಕೊಳೆನೀರು ಹೋಗುತ್ತಿತ್ತು, ಇನ್ನೊಂದು ತುದಿಯಿಂದ ತಿಳಿನೀರು ಬರುತ್ತಿತ್ತು. ಹೊರಗಿನಿಂದ ಒಂದು ಕೊಡ ನೀರು ತರುವುದಿಲ್ಲ, ಒಳಗಿನದನ್ನು ಒಂದು ಹನಿ ಚೆಲ್ಲುವುದಿಲ್ಲ. ವರ್ಷವಿಡೀ ಅದೇ ನೀರು.

ಸಮುದ್ರ ಮೇಲೇರಿ, ಕರಾವಳಿಯ ಬಾವಿಗಳೆಲ್ಲ ಉಪ್ಪಾಗಿ, ಅಳಿವೆಗಳಲ್ಲಿ ರೋಗ ತುಂಬಿದ್ದ ಕಾಲ ಅದು. ಬಯಲಿನಲ್ಲಿ ಸಿಗಡಿ ಸಾಕುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಹಾಗಾಗಿ ಸೂರಿನಡಿಯ ಸಿಗಡಿಗೆ ಬಂಗಾರದ ಬೆಲೆ ಬಂದಿತ್ತು, ಅದಕ್ಕೆ ಬೇಕಾದ ನೀರನ್ನು ಕೆಡದಂತೆ ಇಡುವ ಯಂತ್ರಕ್ಕೆ ಇನ್ನೂ ಹೆಚ್ಚಿನ ಬೆಲೆ. ದೀಪಾವಳಿಗೆ ಸ್ವಲ್ಪ ಮೊದಲು ಮಂಗಳೂರಿನಿಂದ ಅಲೋಶಿಯಸ್ ರೇಗೊ ಎಂಬವರು ಶೆಡ್ಡು ನೋಡಲು ಬಂದರು. ಹಣ ಹೂಡುವವರ ಒಂದು ದೊಡ್ಡ ಗುಂಪಿಗೆ ಅವರು ಮುಖ್ಯಸ್ಥರು. ಅವರಿಗೆ ಎಲ್ಲವನ್ನೂ ವಿವರಿಸಿದವಳು ಯಂತ್ರ ಕಂಡುಹಿಡಿದ ವಿಜ್ಞಾನಿ ಡಾ. ಸುಗಂಧಿ.

ಸಿಗಡಿ ತಿಂದು ಬಿಟ್ಟ ಮೇವು, ಅದರ ಹೊಲಸು, ಕಳಚಿದ ಸಿಪ್ಪೆ ಎಲ್ಲ ಕೊಳೆತು ಅಮೋನಿಯ ಆಗುತ್ತದೆ, ಅಮೋನಿಯ ನೈಟ್ರೈಟ್ ಆಗುತ್ತದೆ, ಎರಡೂ ಸಿಗಡಿಗೆ ವಿಷ. ಹಳೆಯ ಯಂತ್ರಗಳು ಇದನ್ನು ಸೋಸುತ್ತಿದ್ದವು. ಜಲಾನುಕಾರಿ ಸೋಸುವುದಿಲ್ಲ, ಅನುಕರಿಸುತ್ತದೆ. ಮಾದರಿಕೋಶ ಎಂಬ ಪುಟ್ಟ ಅರೆಗೆ ಒಂದು ಸೀಸೆ ನೀರು ಕೊಟ್ಟರೆ ಸಾಕು. ಒಳಗಿರುವ ಜೀವಪೊರೆ, ಅಂದರೆ ಸಾಕಿದ ಸೂಕ್ಷ್ಮಜೀವಿಗಳ ತೆಳ್ಳನೆಯ ಹಾಳೆ, ಆ ನೀರಿನಲ್ಲಿ ಯಾವ ಲವಣ ಎಷ್ಟಿದೆ, ಯಾವ ಜೀವಿ ಹೇಗೆ ಬದುಕಿದೆ ಎಂಬುದನ್ನೆಲ್ಲ ಕಲಿತು, ಆ ಜೀವಿಗಳನ್ನೇ ಬೆಳೆಸಿಕೊಂಡು, ತೊಟ್ಟಿಯ ನೀರನ್ನೂ ಹಾಗೆಯೇ ಮಾಡಿಡುತ್ತದೆ. ಹೆಚ್ಚಾದದ್ದನ್ನು ಕಿತ್ತು ಹೊರಗಿನ ಪೆಟ್ಟಿಗೆಗೆ ಸುರಿಯುತ್ತದೆ. ನಾಲಿಗೆಗೆ ಒಂದು ಹನಿ ಮುಟ್ಟಿಸಿದರೆ ಇಡೀ ಸಾರನ್ನು ಮಾಡಿ ಬಡಿಸುವ ಅಡುಗೆಯವಳ ಹಾಗೆ, ಎಂದಳು ಸುಗಂಧಿ.

ಯಾವ ನೀರಾದರೂ ಆದೀತೇ ಎಂದು ರೇಗೊ ಕೇಳಿದರು. ಜೀವ ಇರುವ ನೀರೇ ಬೇಕು, ಕುದಿಸಿದ್ದರಲ್ಲಿ, ಔಷಧಿ ಹಾಕಿದ್ದರಲ್ಲಿ ಕಲಿಯಲು ಏನೂ ಇರುವುದಿಲ್ಲ ಎಂದು ಅವಳು ಹೇಳಿದಳು. ಪೊರೆಗೆ ಮರೆವು ಜಾಸ್ತಿ, ಆಗಾಗ ಹೊಸ ಮಾದರಿ ಕೊಡುತ್ತಿರಬೇಕು ಎಂದೂ ಸೇರಿಸಿದಳು. ಸದ್ಯ ನಡುಗಡಲಿನಿಂದ ತಂದ ನೀರನ್ನು ಕೊಡುತ್ತಿದ್ದರು.

"ಕೆಟ್ಟ ನೀರು ಕೊಟ್ಟರೆ?" ರೇಗೊ ತಮಾಷೆಗೆ ಕೇಳಿದರು.

"ಕೆಟ್ಟದ್ದನ್ನೂ ಅಷ್ಟೇ ನಿಯತ್ತಿನಿಂದ ಮಾಡುತ್ತದೆ," ಎಂದಳು ಸುಗಂಧಿ.

ರೇಗೊ ನಕ್ಕರು. ಸುಗಂಧಿ ತಮಾಷೆ ಮಾಡಿರಲಿಲ್ಲ. ಅವಳು ಆ ಯಂತ್ರವನ್ನು ಕಂಡುಹಿಡಿದದ್ದೇ ಅದಕ್ಕೆ.

ಶೆಡ್ಡಿನ ಯಜಮಾನ ಗೋಕುಲದಾಸ. ಈಗ ಬಿಳಿ ಅಂಗಿ ತೊಟ್ಟು ಪರಿಸರದ ಬಗ್ಗೆ ಭಾಷಣ ಮಾಡುವ ಈ ಮನುಷ್ಯ, ಸುಗಂಧಿ ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ, ಅವಳ ಊರು ಹಿರೇಕಡವಿನ ಅಳಿವೆಯ ದಂಡೆಗೆ ಮಣ್ಣಿನ ಒಡ್ಡು ಕಟ್ಟಿ ಸಿಗಡಿ ಹೊಂಡ ಮಾಡಿದ್ದ. ಹೊಂಡಕ್ಕೆ ರೋಗ ಬಂದ ವರ್ಷ, ಇಳಿತದ ಹೊತ್ತು ನೋಡಿ ಬಾಗಿಲು ತೆಗೆದು ತಳದ ಕಪ್ಪು ನೀರನ್ನೆಲ್ಲ ಅಳಿವೆಗೆ ಬಿಟ್ಟ. ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಬಾಯಿ ಬಿಟ್ಟುಕೊಂಡು ಸತ್ತು ಬಿತ್ತು. ಬಳಚು ಆರಿಸಿ ಬದುಕುತ್ತಿದ್ದ ಹೆಂಗಸರಲ್ಲಿ ಸುಗಂಧಿಯ ತಾಯಿ ಮಂಕಾಳಿಯೂ ಒಬ್ಬಳು. ಹೊಂಡದ ಉಪ್ಪು ಇಳಿದು ಊರ ಬಾವಿಗಳೂ ಕೆಟ್ಟವು. ಹೆಂಗಸರೆಲ್ಲ ಸೇರಿ ಕೇಳಲು ಹೋದಾಗ ಗೋಕುಲದಾಸ ಒಡ್ಡಿನ ಮೇಲೆ ನಿಂತು, "ಅಳಿವೆ ಏನು ನಿಮ್ಮಪ್ಪಂದಾ?" ಎಂದಿದ್ದ. ಮಂಕಾಳಿಯ ಸೆರಗು ಹಿಡಿದು ನಿಂತಿದ್ದ ಸುಗಂಧಿ ಅದನ್ನು ಕೇಳಿಸಿಕೊಂಡಿದ್ದಳು.

ಅಂದೇ ಸಂಜೆ ಅವಳು ಔಷಧಿಯ ಒಂದು ದೊಡ್ಡ ಕಂದು ಸೀಸೆಯಲ್ಲಿ ಆ ಕಪ್ಪು ನೀರನ್ನು ತುಂಬಿ, ಬಿರಡೆಗೆ ಮೇಣ ಹಚ್ಚಿ, ಅಡುಗೆಮನೆಯ ಗೂಡಿನಲ್ಲಿಟ್ಟಳು. ಗಾಳಿ ಹೋಗಬಾರದು, ತೆಗೆಯಬಾರದು ಎಂದು ತಾಯಿಗೆ ಹೇಳಿದ್ದಳು. ಓದಲು ದೂರ ಹೋದ ಮೇಲೂ, ಪ್ರಯೋಗಾಲಯದಲ್ಲಿ ಸೋತು ಕೂತಾಗೆಲ್ಲ, ಗೂಡಿನಲ್ಲಿರುವ ಸೀಸೆಯನ್ನು ನೆನೆಯುತ್ತಿದ್ದಳು. ನೆನೆದರೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತಿತ್ತು, ಸಿಟ್ಟು ಬಂದರೆ ಕೆಲಸ ಸಾಗುತ್ತಿತ್ತು. ಯಂತ್ರ ಸಿದ್ಧವಾದಾಗ ಬೇರೆ ಕಂಪನಿಗಳನ್ನೆಲ್ಲ ಬಿಟ್ಟು ಅವಳು ಗೋಕುಲದಾಸನ ಬಳಿಗೇ ಹೋದಳು. ಅವನಿಗೆ ಅವಳ ಗುರುತು ಸಿಗಲಿಲ್ಲ. ಸೆರಗಿನ ಹಿಂದಿನ ಮಕ್ಕಳ ಮುಖವನ್ನು ಅಂಥವರು ನೋಡುವುದಿಲ್ಲ.

ಹಣ ಹೂಡುವವರ ಮುಂದೆ ಯಂತ್ರ ತೋರಿಸಲು ಗೋಕುಲದಾಸ ದೀಪಾವಳಿ ಅಮಾವಾಸ್ಯೆಯನ್ನೇ ಆರಿಸಿದ. ವ್ಯಾಪಾರಸ್ಥರಿಗೆ ಲಕ್ಷ್ಮೀಪೂಜೆಯ ದಿನಕ್ಕಿಂತ ಒಳ್ಳೆಯ ದಿನ ಬೇರೆ ಯಾವುದಿದೆ? ಸುಗಂಧಿ ತುಟಿ ಬಿಚ್ಚಲಿಲ್ಲ. ಅಮಾವಾಸ್ಯೆಗೆ ಸಿಗಡಿ ಸಿಪ್ಪೆ ಕಳಚುತ್ತದೆ, ಆಗ ಅದರ ಮೈ ಬೆಣ್ಣೆಯಷ್ಟು ಮೆತ್ತಗಿರುತ್ತದೆ ಎಂಬುದು ಅಳಿವೆಯಲ್ಲಿ ಬಲೆ ಬೀಸುವ ಯಾರನ್ನು ಕೇಳಿದರೂ ಗೊತ್ತು. ನೀರು ಕೆಟ್ಟರೆ ಒಂದೂ ಉಳಿಯದ ದಿನ ಅದು. ಇದ್ದಬದ್ದ ಆಸ್ತಿಯನ್ನೆಲ್ಲ ಗೋಕುಲದಾಸ ಆ ಶೆಡ್ಡಿಗೆ ಸುರಿದಿದ್ದ. ಅದೇ ಕಪ್ಪು ನೀರಿನಲ್ಲಿ, ದೊಡ್ಡ ಮನುಷ್ಯರ ಕಣ್ಣೆದುರು, ಅವನು ಮುಳುಗಬೇಕಿತ್ತು.

ನರಕ ಚತುರ್ದಶಿಯ ಬೆಳಿಗ್ಗೆ ಅವಳು ಎಣ್ಣೆನೀರಿಗೆಂದು ಊರಿಗೆ ಹೋದಳು. ಹಿಂದಿನ ಸಂಜೆ ನೀರು ತುಂಬುವ ಹಬ್ಬವಾಗಿತ್ತು. ಮಂಕಾಳಿ ಹಂಡೆ, ಕೊಡ, ತಂಬಿಗೆಗಳನ್ನೆಲ್ಲ ಹುಣಸೆಹುಳಿ ಹಾಕಿ ತಿಕ್ಕಿ ಬೆಳಗಿ, ನೀರು ತುಂಬಿ, ಹಂಡೆಯ ಕೊರಳಿಗೆ ಹಿಂಡಲಕಾಯಿ ಎಂಬ ಕಹಿಕಾಯಿಯ ಬಳ್ಳಿ ಸುತ್ತಿದ್ದಳು. ಮಿಂದು ತಿಂದು ಹೊರಟ ಸುಗಂಧಿ ಗೂಡಿನಿಂದ ಸೀಸೆ ತೆಗೆದುಕೊಂಡಳು. ಮಂಕಾಳಿ ಯಾಕೆ ಎಂದು ಕೇಳಲಿಲ್ಲ. ಹಳೆ ಸೀರೆಯ ತುಂಡಿನಲ್ಲಿ ಅದನ್ನು ಸುತ್ತಿ ಕೊಟ್ಟು, "ಒಡಿಬೇಡ ಮಗಾ, ಸೀಸೆ ನಂಗೆ ವಾಪಸ್ ಬೇಕು," ಎಂದಳು.

ಮಧ್ಯಾಹ್ನ ಶೆಡ್ಡಿನಲ್ಲಿ ಹಬ್ಬದ ರಜೆ. ಸುಗಂಧಿ ಅಪಾಯದ ಗಂಟೆಯನ್ನು ನಿಲ್ಲಿಸಿ, ಸೀಸೆಯ ಬಾಯನ್ನು ಮಾದರಿಕೋಶಕ್ಕೆ ಸಿಕ್ಕಿಸಿದಳು. ಗಾಳಿ ಸೋಕದಂತೆ ಯಂತ್ರವೇ ಒಳಗಿಂದ ಬಿರಡೆ ಕೊರೆಯಿತು. ಗುಳುಗುಳು ಎಂದು ನೀರು ಇಳಿಯಿತು. ನೋಡಿದರೆ ಮನಸ್ಸು ಬದಲಾದೀತು ಎಂದು ಅವಳು ನೀರಿನ ಅಳತೆ ತೋರಿಸುವ ಫಲಕದ ಕಡೆ ತಿರುಗದೆ ಬಾಗಿಲು ಹಾಕಿಕೊಂಡು ಹೋದಳು.

ಮರುದಿನ ಹೂವಿನ ತೋರಣ ಕಟ್ಟಿದ ಬಾಗಿಲಿನಿಂದ ಗೋಕುಲದಾಸ ಎಲ್ಲರನ್ನೂ ಒಳಗೆ ಕರೆತಂದ. ತೊಟ್ಟಿಗಳ ಕಡೆ ನೋಡಿದವನೇ ಮಾತು ನಿಲ್ಲಿಸಿದ. ಸಿಗಡಿಗಳೆಲ್ಲ ತಳದಲ್ಲಿ ಮಗುಚಿ ಬಿದ್ದಿದ್ದವು. ಒಂದೂ ಮಿಸುಕುತ್ತಿರಲಿಲ್ಲ. ಅವನ ಮುಖದ ಬಣ್ಣ ಇಳಿಯುವುದನ್ನು ಸುಗಂಧಿ ಕಣ್ತುಂಬ ನೋಡಿದಳು. ಇಷ್ಟು ವರ್ಷ ಕಾದದ್ದಕ್ಕೆ ಆ ಒಂದು ಗಳಿಗೆ ಸಾಕೆನಿಸಿತು.

ಆದರೆ ಅವಳು ಕಾಯುತ್ತಿದ್ದ ನಾತ ಬರಲಿಲ್ಲ. ನೀರು ಕಪ್ಪಾಗಿರಲಿಲ್ಲ. ತಳದಲ್ಲಿ ಬಿದ್ದ ಸಿಗಡಿಯ ಮೀಸೆಯೂ ಕಾಣುವಷ್ಟು ತಿಳಿಯಾಗಿತ್ತು. ಯಂತ್ರದ ಹೊರಪೆಟ್ಟಿಗೆ ತುಂಬಿ ನೆಲದ ಮೇಲೆಲ್ಲ ಬೆಳ್ಳಗೆ ಏನೋ ಸುರಿದಿತ್ತು. ರೇಗೊ ಬಗ್ಗಿ ಅದನ್ನು ಚಿಟಿಕೆಯಷ್ಟು ನಾಲಿಗೆಗಿಟ್ಟರು. ಉಪ್ಪು. ಎದ್ದು ತೊಟ್ಟಿಯೊಳಗೆ ಬೆರಳದ್ದಿ ಮತ್ತೆ ನಾಲಿಗೆಗಿಟ್ಟರು.

"ಸಿಹಿ," ಎಂದರು ರೇಗೊ. ಇನ್ನೊಮ್ಮೆ ಬೆರಳದ್ದಿ ನೋಡಿ, "ಸಿಗಡಿ ಸತ್ತರೆ ಸಾಯಲಿ, ಮಾರಾಯರೆ. ಕಾರವಾರದಿಂದ ಕಾಸರಗೋಡಿನವರೆಗೆ ಜನ ಟ್ಯಾಂಕರ್ ನೀರು ಕುಡಿಯುತ್ತಿದ್ದಾರೆ," ಎಂದರು.

ಗೋಕುಲದಾಸನಂಥವರು ಬೆಕ್ಕಿನ ಹಾಗೆ, ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತಾರೆ. ಇದನ್ನೇ ಕೊನೆಗೆ ತೋರಿಸಿ ಆಶ್ಚರ್ಯಪಡಿಸೋಣವೆಂದಿದ್ದೆ, ಸಿಗಡಿ ಬರೀ ನೆಪ, ಕರಾವಳಿಗೆ ಸಿಹಿನೀರು ಕೊಡುವುದೇ ನನ್ನ ಜೀವನದ ಕನಸು ಎಂದು ಅವನು ಅಲ್ಲೇ ಭಾಷಣ ಶುರುಮಾಡಿದ. ಜನ ಚಪ್ಪಾಳೆ ತಟ್ಟಿದರು. ಯಂತ್ರದಲ್ಲಿ ಏನು ಹಾಕಿದ್ದು ಎಂದು ಆಮೇಲೆ ಪಕ್ಕಕ್ಕೆ ಕರೆದು ಸುಗಂಧಿಯನ್ನು ಕೇಳಿದ. ಅವಳು ಖಾಲಿ ಸೀಸೆಯನ್ನು ಚೀಲಕ್ಕೆ ಹಾಕಿಕೊಂಡು, ಕೆಲಸ ಬಿಟ್ಟೆ ಎಂದು ಹೇಳಿ ಹೊರಬಿದ್ದಳು. ಮುಳುಗಿಸಲು ಹೋಗಿ ಅವನನ್ನು ತಾನೇ ಹೊತ್ತು ದಡ ಮುಟ್ಟಿಸಿದ್ದಳು.

ಮಂಕಾಳಿ ಅಂಗಳದಲ್ಲಿ ಹಣತೆಗೆ ಬತ್ತಿ ಹೊಸೆಯುತ್ತ ಕೂತಿದ್ದಳು.

"ಅವ್ವಿ, ಈ ಸೀಸೆಯಾಗೆ ಎಂತ ಇತ್ತು?"

"ಒರತೆ ನೀರು," ಎಂದಳು ಮಂಕಾಳಿ. "ನೀರು ತುಂಬೂ ಹಬ್ಬದ ದಿನ ಹೊಲಸು ನೀರು ಮನೇಲಿ ಇಡ್ತ್ರೇನೆ? ನೀ ಹಾಸ್ಟೆಲಿಗೆ ಹೋದ ವರ್ಷವೇ ಚೆಲ್ಲಿ, ತೊಳದು, ಬೇರೆ ತುಂಬ್ಸಿದೆ. ವರ್ಷಾ ವರ್ಷಾ ತುಂಬ್ಸ್ತೆ. ಗಾಳಿ ಹೋಗೂಕಾಗ ಅಂದಿದ್ಯಲ್ಲ, ಮೇಣನೂ ಹಚ್ತಿದ್ದೆ."

ಸುಗಂಧಿಗೆ ನಗು ಬರಲಿಲ್ಲ. ಊರೂರು ಅಲೆದು ಓದುವಾಗ ತಾನು ಹಲ್ಲು ಕಡಿದದ್ದೆಲ್ಲ ಒಂದು ಸೀಸೆ ಹಬ್ಬದ ನೀರಿನ ಮೇಲೆ ಎಂದು ಗೊತ್ತಾದಾಗ ಅವಳಿಗೆ ತಾಯಿಯ ಮೇಲೆಯೇ ಸಿಟ್ಟು ಬಂತು. ನನ್ನ ಸೇಡನ್ನೆಲ್ಲ ನೀನು ಬಚ್ಚಲಿಗೆ ಚೆಲ್ಲಿಬಿಟ್ಟೆ ಎಂದು ಅತ್ತಳು.

ಮಂಕಾಳಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಚೆಲ್ಲಿದ್ದು ನೀರು. ಸಿಟ್ಟು ಚೆಲ್ಲಿದೆ ಅಂತ ನಾ ಯಾವಾಗ ಹೇಳಿದೆ?"

ಕೆಲವು ವಾರಗಳಲ್ಲಿ ಜೀವಪೊರೆ ಒರತೆಯ ನೀರನ್ನು ಮರೆಯಿತು. ಯಂತ್ರಕ್ಕೆ ಹಾಯಿಸಿದ ಸಮುದ್ರದ ನೀರು ಉಪ್ಪಾಗಿಯೇ ಹೊರಬರತೊಡಗಿತು. ಗೋಕುಲದಾಸ ಆಗಲೇ ರೇಗೊ ಅವರ ಗುಂಪಿಗೆ ಮಾತು ಕೊಟ್ಟು, ಅವರ ಹಣದಲ್ಲಿ ಊರೂರಿಗೆ ಯಂತ್ರ ಮಾಡಿಸಿದ್ದ. ಘಟ್ಟದ ಮೇಲಿನ ಹೊಳೆಯ ನೀರು ತರಿಸಿ ಮಾದರಿಕೋಶಕ್ಕೆ ಹಾಕಿಸಿದ. ಆಗಲಿಲ್ಲ. ಆ ನೀರಿನ ಜೀವಿಗಳು ಉಪ್ಪನ್ನೇ ಕಂಡಿರಲಿಲ್ಲ, ಸೋಕಿದ ತಕ್ಷಣ ಸತ್ತವು. ಹಿರೇಕಡವಿನ ಒರತೆ ಇರುವುದು ಗುಡ್ಡದ ಬುಡದಲ್ಲಿ, ಅಳಿವೆಯ ಅಂಚಿಗೆ. ದೊಡ್ಡ ಭರತದಲ್ಲಿ ಸಮುದ್ರ ಅದರ ಬಾಯಿಯವರೆಗೆ ಬಂದು ಹೋಗುತ್ತದೆ, ಮರುದಿನ ಒರತೆ ಮತ್ತೆ ಸಿಹಿಯಾಗುತ್ತದೆ. ಉಪ್ಪನ್ನು ಹೊರಗೆ ಹಾಕಲು ಕಲಿತ ಜೀವಿಗಳು ಇದ್ದದ್ದು ಅಂಥ ಒರತೆಗಳಲ್ಲಿ ಮಾತ್ರ. ಒಂದು ಕಾಲದಲ್ಲಿ ಕರಾವಳಿಯ ಊರೂರಲ್ಲಿ ಅವು ಇದ್ದವು. ಗೋಕುಲದಾಸ ಮತ್ತು ಅವನಂಥವರು ಕಟ್ಟಿದ ಹೊಂಡದ ಒಡ್ಡುಗಳ ಕೆಳಗೆ ಒಂದೊಂದಾಗಿ ಮುಚ್ಚಿಹೋಗಿದ್ದವು. ಉಳಿದಿದ್ದು ಇದೊಂದೇ. ಸುಗಂಧಿ ಇದನ್ನೆಲ್ಲ ಪರೀಕ್ಷಿಸಿ ತಿಳಿದುಕೊಂಡು, ಕೇಳಿದ ರೇಗೊ ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು. ಯಾರು ಓಡಿಬರುತ್ತಾರೆಂದು ಅವಳಿಗೆ ಗೊತ್ತಿತ್ತು.

ಬಂದ. ಕಾರು ಹೋಗುವ ದಾರಿಯಲ್ಲ, ಪ್ಯಾಂಟು ಮಡಚಿಕೊಂಡು ಕೆಸರಿನಲ್ಲಿ ನಡೆದೇ ಬಂದ. ಬೆಳಗಿನ ಹೊತ್ತು, ಒರತೆಯ ಸುತ್ತ ಊರಿನ ಹೆಂಗಸರೆಲ್ಲ ಕೊಡ ಇಟ್ಟುಕೊಂಡು ಕೂತಿದ್ದರು. ಬಾವಿ ಕೆಟ್ಟಂದಿನಿಂದ ಇಡೀ ಊರಿಗೆ ಅದೊಂದೇ ಗತಿ. ಎಳೆಯಷ್ಟು ಜಿನುಗುವ ನೀರನ್ನು ಕರಟದಲ್ಲಿ ಹಿಡಿದು ಕೊಡಕ್ಕೆ ತುಂಬಬೇಕು. ಅದಕ್ಕೇ ಅಲ್ಲೊಂದು ಕಟ್ಟುಪಾಡು ಇತ್ತು. ಹೊಸಬರು ಬಂದರೆ ಮೊದಲು ಅಲ್ಲಿದ್ದವರ ಕೊಡಗಳನ್ನೆಲ್ಲ ತಮ್ಮ ಕೈಯಾರೆ ತುಂಬಿಕೊಡಬೇಕು, ಆಮೇಲೆ ತಮ್ಮದು.

ಗೋಕುಲದಾಸ ಕೈ ಮುಗಿದು, ಈ ಜಾಗ ಯಾರದು, ಕೇಳಿದಷ್ಟು ಕೊಡುತ್ತೇನೆ ಎಂದ.

"ಒರತೆ ಏನು ನಮ್ಮಪ್ಪಂದಾ?" ಎಂದಳು ಮಂಕಾಳಿ. "ಯಾರು ಬೇಕಾರೂ ತುಂಬ್ಕಬಹುದು. ಕಡೆಗೆ ನಿಂತ್ಕ."

ಅವನು ಅವಳ ಮುಖ ನೋಡಿದ. ಆ ಮಾತು ತಾನೇ ಎಲ್ಲಿ ಆಡಿದ್ದೆಂದು ಅವನಿಗೆ ನೆನಪಾದಂತೆ ಕಂಡಿತು. ಮಂಡಿಯೂರಿ ಕೂತು, ಕರಟ ಕೈಗೆ ತೆಗೆದುಕೊಂಡ.

ಬಿಸಿಲು ಏರಿತು. ಒಂದು ಕೊಡ ತುಂಬುವಷ್ಟರಲ್ಲಿ ಇನ್ನೊಬ್ಬಳು ಇನ್ನೊಂದು ತಂದಿಡುತ್ತಿದ್ದಳು. ಅವನ ಬಿಳಿ ಅಂಗಿ ಬೆನ್ನಿಗೆ ಅಂಟಿತು. ಇದು ಮುಗಿಯುವುದು ಯಾವಾಗ ಎಂದು ಕೊನೆಗೆ ಕೇಳಿದ.

"ನಮ್ಮ ಬಾವಿ ಸಿಹಿ ಆದ ದಿನ ಇಲ್ಲಿ ಯಾರೂ ಬರೂದಿಲ್ಲ," ಎಂದಳು ಮಂಕಾಳಿ. "ಅವತ್ತು ನಿನ್ನ ಪಾಳಿ."

ಗೋಕುಲದಾಸ ಕರಟ ಕೆಳಗಿಟ್ಟ. ಆಮೇಲೆ ಒದ್ದೆ ಕೈಯಲ್ಲೇ ಫೋನು ತೆಗೆದು, ಮೊದಲ ಯಂತ್ರವನ್ನು ಹಿರೇಕಡವಿನ ಬಾವಿಕಟ್ಟೆಗೆ ತಂದು ಕೂರಿಸುವಂತೆ ಹೇಳಿದ.

ಸುಗಂಧಿ ಕಂದು ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಬಾವಿಯ ಯಂತ್ರಕ್ಕೆ ಬೇಕಾದ ಒಂದು ಸೀಸೆ ನೀರನ್ನು ಈಗಲೇ ಕೇಳಿದರೆ ಹೆಂಗಸರು ಯಾರೂ ಬೇಡವೆನ್ನುತ್ತಿರಲಿಲ್ಲ, ಗೋಕುಲದಾಸನ ಕೆಲಸವೂ ಬೇಗ ಮುಗಿಯುತ್ತಿತ್ತು. ಅವಳು ಕೇಳಲಿಲ್ಲ. ಸಾಲಿನ ಕೊನೆಯ ಕೊಡದ ಹಿಂದೆ ಸೀಸೆಯನ್ನು ಇಟ್ಟು ಬಂದು, ಮತ್ತೆ ಕಲ್ಲಿನ ಮೇಲೆ ಕೂತು, ಅವನು ಕರಟ ಅದ್ದುವುದನ್ನು ನೋಡುತ್ತಿದ್ದಳು.