ಗೂಡ್ಸ್ ಶೆಡ್ಡಿನ ಕಳೆ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ದೂರನ್ನು ಓದಿ ಇನ್‌ಸ್ಪೆಕ್ಟರ್ ತಲೆ ಚಚ್ಚಿಕೊಂಡರು. ಕೊಲೆಯಲ್ಲ, ಕಳ್ಳತನವಲ್ಲ, ಕಳೆ. ಟೈಲರಮ್ಮನ ಹಿತ್ತಲಿನಲ್ಲಿ ಪಕ್ಕದ ಮನೆಯ ಕ್ಷೌರಿಕ ಗಂಟುಕಳೆ ನೆಟ್ಟಿದ್ದಾನಂತೆ. ಬಿದಿರಿನಂತೆ ಗಂಟುಗಂಟಾಗಿ ಎದ್ದು ಅಡಿಪಾಯದ ಬಿರುಕಿಗೂ ನುಗ್ಗುವ ಗಿಡ ಅದು, ನೆಡುವುದೇ ಅಪರಾಧ. ಟೈಲರಮ್ಮ ಮನೆ ಮಾರಿ ಮಗಳ ಊರಿಗೆ ಹೋಗುವವರಿದ್ದರು. ಕೊಳ್ಳಲು ಬಂದವರು ಕಳೆ ನೋಡಿದ್ದೇ ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋಗಿದ್ದರು.

ಎಫ್‌ಐಆರ್ ಆಯಿತು, ಪಂಚನಾಮೆ ಆಯಿತು. ಕ್ಷೌರಿಕನ ಬೇಲಿಯುದ್ದಕ್ಕೂ ವರ್ಷಗಳಿಂದ ಗಂಟುಕಳೆ ಇತ್ತು. ಇನ್ನೇನು ಬೇಕು? ಸಂಜೆಗೆ ಅವನು ಲಾಕಪ್ಪಿನಲ್ಲಿದ್ದ.

“ನಾನ್ಯಾಕೆ ಸಾರ್ ನೆಡ್ಲಿ? ಟೈಲರಮ್ಮನ ಗಂಡ ದಿನಾ ನನ್ನ ಜತೆ ಚದುರಂಗ ಆಡ್ತಾನೆ. ನನ್ನ ಹೆಂಡತಿ ಹೋದಮೇಲೆ ನನಗಿರೋದು ಅವನೊಬ್ಬನೇ.”

ಸಿಕ್ಕಿಬಿದ್ದವರೆಲ್ಲ ಹಾಡುವ ರಾಗ ಇದು ಎಂದುಕೊಂಡರು ಇನ್‌ಸ್ಪೆಕ್ಟರ್. ಮರುದಿನ ಸಂಜೆಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು, ಎರಡೂ ಕಡೆಯ ಕಳೆ ಒಂದೇ ಎಂದು ತಜ್ಞರಿಂದ ಬರೆಸಬೇಕು.

ಬೆಳಗಾಗುತ್ತಲೇ ಎಲೆ ತರಲು ಹೋದ ಕಾನ್‌ಸ್ಟೇಬಲ್ ಎರಡೂ ಹಿತ್ತಲಿನ ಚಿಗುರನ್ನು ಒಂದೇ ಚೀಲಕ್ಕೆ ತುಂಬಿಕೊಂಡು ಬಂದ. ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಅದನ್ನು ಮೇಜಿನ ಮೇಲೆ ಸುರಿದು, “ಸಾಕ್ಷಿನೋ ಸೊಪ್ಪಿನ ಕಟ್ಟೋ?” ಎಂದರು. ತುದಿಯ ಎಳೆ ಎಲೆ ಮೋಸ ಮಾಡುತ್ತದೆ, ಕಾಂಡದ ನಡುವಿನ ಬಲಿತ ಎಲೆಯೇ ಬೇಕು, ಅದೂ ಬೇರೆ ಬೇರೆ ಲಕೋಟೆಯಲ್ಲಿ ಎಂದು ಅಟ್ಟಿದರು. ಇನ್‌ಸ್ಪೆಕ್ಟರ್ ಹಲ್ಲು ಕಡಿಯುತ್ತ, ಪಂಚರನ್ನು ಮತ್ತೆ ಎಬ್ಬಿಸಿಕೊಂಡು ತಾವೇ ಹೋದರು.

ಮೇಡಂ ಎಲೆಗಳನ್ನು ಮಗುಚಿ ಮಸೂರ ಹಿಡಿದರು. ಕ್ಷೌರಿಕನ ಎಲೆಯ ಬುಡ ಚಾಕುವಿನಿಂದ ಕತ್ತರಿಸಿದಷ್ಟು ನೇರ. ಹಿಂಬದಿಯ ನರಗಳ ಮೇಲೆ ಸಣ್ಣ ಉಬ್ಬುಗಳು ಮಾತ್ರ, ಕೂದಲಿಲ್ಲ. ಟೈಲರಮ್ಮನ ಎಲೆ ಇನ್ನೂ ದೊಡ್ಡದು, ಬುಡ ತುಸು ಹೃದಯದಾಕಾರ, ನರಗಳ ಮೇಲೆ ಗಿಡ್ಡ ಗಡಸು ಕೂದಲು.

“ಗಂಟುಕಳೆಯಲ್ಲೇ ಇನ್ನೊಂದು ದೈತ್ಯ ಜಾತಿ ಇದೆ. ಅದರದ್ದು ಪೂರ್ತಿ ಹೃದಯದಾಕಾರ, ಕೂದಲೂ ಉದ್ದ. ಟೈಲರಮ್ಮನದು ಬೇಲಿಯ ಜಾತಿ, ದೈತ್ಯ ಜಾತಿ ಎರಡರ ಬೆರಕೆ. ಬೇಲಿಯಿಂದ ಬಂದಿದ್ದಲ್ಲ.”

“ಮತ್ತೆ ಎಲ್ಲಿಂದ ಬಂತು?”

“ಈ ಊರಲ್ಲಿ ನಾನು ಬೆರಕೆ ನೋಡಿರೋದು ಒಂದೇ ಕಡೆ. ರೈಲ್ವೆ ಗೂಡ್ಸ್ ಶೆಡ್ ಹಿಂದೆ.”

ಶೆಡ್ಡಿನ ಹಿಂದಿನ ಕಳೆಯ ನಡುವೆ ಹೊಸದಾಗಿ ಅಗೆದ ಗುಂಡಿ ಇತ್ತು. ಕಾವಲುಗಾರನನ್ನು ಕೇಳಿದರೆ, ಇಲ್ಲೇ ದುಡಿದು ನಿವೃತ್ತನಾದವನೊಬ್ಬ ಸನಿಕೆ ಹಿಡಿದು ಬಂದಿದ್ದ, ಟೈಲರಮ್ಮನ ಗಂಡ ಎಂದ. ನಿರಪರಾಧಿಯನ್ನು ರಾತ್ರಿಯಿಡೀ ಕೂಡಿಹಾಕಿದ್ದಕ್ಕೆ ಇನ್‌ಸ್ಪೆಕ್ಟರಿಗೆ ತಮ್ಮ ಮೇಲೇ ಸಿಟ್ಟು ಬಂತು.

ಟೈಲರಮ್ಮನ ಗಂಡನನ್ನು ಹುಡುಕಬೇಕಾಗಿ ಬರಲಿಲ್ಲ. ಗೆಳೆಯನಿಗೆಂದು ಚಹಾದ ಫ್ಲಾಸ್ಕ್ ಹಿಡಿದು ಠಾಣೆಯ ಬೆಂಚಿನ ಮೇಲೆಯೇ ಕುಳಿತಿದ್ದ.

“ನೆಟ್ಟಿದ್ದು ನೀವೇನಾ?”

“ಹೌದು ಸಾರ್.”

“ಯಾಕೆ?”

“ಮನೆ ಮಾರದೆ ಇರ್ಲಿ ಅಂತ. ಬೇಲಿ ದಾಟಿ ತಾನಾಗೇ ಬಂತು ಅಂದ್ಕೋತಾರೆ ಅಂದ್ಕೊಂಡೆ. ಕಳೆ ಅಂದ್ರೆ ಕಳೆ, ಅದರಲ್ಲೂ ಜಾತಿ ಇರುತ್ತೆ ಅಂತ ಯಾರಿಗೆ ಗೊತ್ತಿತ್ತು? ಇವಳು ನೇರ ಸ್ಟೇಷನ್ನಿಗೇ ಬಂದ್ಬಿಟ್ಳು. ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ.”

ಊರು ಬಿಟ್ಟರೆ ಸಂಜೆ ಎದುರಿಗೆ ಕೂರುವವನು ಇರುವುದಿಲ್ಲ ಎಂಬುದೊಂದೇ ಅವನ ಭಯ. ಮಧ್ಯಾಹ್ನ ಬಂಧನದ ಪತ್ರಕ್ಕೆ ಸಹಿ ಬಿತ್ತು. ಲಾಕಪ್ಪಿನಿಂದ ಹೊರಬಂದ ಕ್ಷೌರಿಕ ನೇರ ಅವನ ಮುಂದೆ ಬಂದು ನಿಂತ.

“ನನಗೊಂದು ಮಾತು ಹೇಳೋದಲ್ವೇನೋ ಮಾರಾಯ? ನನ್ನ ಬೇಲಿದೇ ಒಂದು ಬೇರು ಕಿತ್ತು ಕೊಡ್ತಿದ್ದೆ.”

ಬರೆಯುತ್ತಿದ್ದ ಕಾನ್‌ಸ್ಟೇಬಲ್ ತಲೆಯೆತ್ತಿದ. ಅದನ್ನು ಬರೆಯಬೇಡ ಎಂದರು ಇನ್‌ಸ್ಪೆಕ್ಟರ್.